ಅಕ್ಕನ ಪ್ಯಾಕಿಸೆಫಲೋಸಾರಸ್

ನಮ್ಮಕ್ಕನನ್ನು ಊರಿನ ಮುಂದೆ ನಗೆಪಾಟಲು ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಹೋದಂತೆಲ್ಲ ನನ್ನ ಬಾಯಿ ತನ್ನ ಚಾಳಿಯಂತೆ ಮಾತು ತಿರುಗಿಸಿ, ತಪ್ಪನ್ನು ಮೈಕಿನ ಮೇಲೋ ಗಣೇಶನ ಹಬ್ಬದ ಹುಡುಗರ ಮೇಲೋ ಹೊರಿಸಿಬಿಡುತ್ತದೆ. ಮೈಕು ಪಾಪ ನಾನು ಹೇಳಿದ್ದನ್ನೇ ಜೋರಾಗಿ ಹೇಳಿತು. ಹುಡುಗರು ‘ಹತ್ತು ನಿಮಿಷ ಏನಾದ್ರೂ ಮಾಡ್ಲಾ’ ಎಂದರೇ ಹೊರತು ‘ನಿಮ್ಮಕ್ಕನ್ನ ಮಾಡ್ಲಾ’ ಎನ್ನಲಿಲ್ಲ. ಅಕ್ಕನನ್ನು ಆರಿಸಿಕೊಂಡವನು ನಾನು.

ನನಗೆ ಬರುತ್ತಿದ್ದ ಒಂದೇ ವಿದ್ಯೆ ಇನ್ನೊಬ್ಬರ ಗಂಟಲು. ಕನಕಪುರದ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವಾಗ ಮೂಗಿನಿಂದ ಹೊರಡುತ್ತಿದ್ದ ದನಿ, ಡೈರಿಯಲ್ಲಿ ಹಾಲು ಅಳೆಯುವವನ ಕೆಮ್ಮು, ಹಾರೋಹಳ್ಳಿಯಲ್ಲಿ ನಾನು ಶಿಫ್ಟಿಗೆ ಹೋಗುತ್ತಿದ್ದ ಕಾರ್ಖಾನೆಯ ಸೂಪರ್‌ವೈಸರು ಅರ್ಧ ತಮಿಳಿನಲ್ಲಿ ಬೈದು ಉಳಿದರ್ಧವನ್ನು ಕಣ್ಣಲ್ಲಿ ಬೈಯುವ ರೀತಿ, ಎಲ್ಲವನ್ನೂ ಒಂದೇ ಸಲ ಕೇಳಿ ಹಿಡಿಯುತ್ತಿದ್ದೆ. ಅಪ್ಪ ಹಸುವಿನ ಹತ್ತಿರ ಮಾತಾಡುವ ದನಿಯನ್ನೂ ಮಾಡುತ್ತಿದ್ದೆ; ಅದು ನನ್ನ ಹತ್ತಿರ ಮಾತಾಡುವ ದನಿಗಿಂತ ಎಷ್ಟೋ ಮೆತ್ತಗಿತ್ತು ಎಂದು ಮನೆಯವರಿಗೆಲ್ಲ ತಿಳಿದದ್ದೇ ನಾನು ಮಾಡಿ ತೋರಿಸಿದ ಮೇಲೆ. ನನ್ನನ್ನೂ ಬಿಟ್ಟಿಲ್ಲ. ಹುಡುಗಿಯರ ಮುಂದೆ ಇಂಗ್ಲಿಷ್ ಆಡಲು ಹೋದಾಗ ನನ್ನ ಗಂಟಲು ಸೈಕಲ್ ಟ್ಯೂಬಿನ ಮುಚ್ಚಳ ಬಿಚ್ಚಿದಂತೆ ಸುಯ್ಯೆನ್ನುವುದನ್ನು ನಾನೇ ವೇದಿಕೆಯ ಮೇಲೆ ಮಾಡಿ ಶಿಳ್ಳೆ ಗಿಟ್ಟಿಸಿದ್ದೇನೆ.

ಅಕ್ಕ ಕೋಡಿಹಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ. ಅತಿಥಿ ಎನ್ನುವುದು ಕೇಳಲು ಗೌರವದ ಮಾತು. ಅದರ ಅರ್ಥ ಮಾತ್ರ, ವರ್ಷ ಮುಗಿದ ಮೇಲೆ ಎದ್ದು ಹೋಗಬೇಕು, ಮತ್ತೆ ಕರೆದರೆ ಬರಬೇಕು, ಕರೆಯದಿದ್ದರೆ ಇಲ್ಲ. ಆ ವರ್ಷ ತರಗತಿಯಲ್ಲಿ ಜೀವವಿಕಾಸದ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, “ಮಿಸ್, ಡೈನೋಸಾರು ನಿಜ್ವಾಗ್ಲೂ ಇತ್ತಾ, ಇಲ್ಲ ಕಂಪ್ಯೂಟ್ರಲ್ಲಿ ಮಾಡಿರಾದಾ?” ಎಂದು ಕೇಳಿದನಂತೆ. ಪಕ್ಕದವನು, “ಇತ್ತು ಕಣ್ಲಾ, ನಮ್ ತಾತ ಕಾಡಲ್ಲಿ ನೋಡವ್ರೆ” ಎಂದನಂತೆ. ತರಗತಿ ನಕ್ಕಿತು. ಅಕ್ಕನೂ ನಕ್ಕಳು. ಆದರೆ ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಅವಳ ನಗು ಇಳಿದುಹೋಗಿತ್ತು. “ಆ ಹುಡ್ಗ ತಮಾಸೆಗೆ ಕೇಳ್ಲಿಲ್ಲ ಕಣವ್ವ. ಅವ್ನಿಗೆ ಗೊತ್ತಿಲ್ಲ. ನಂಗೂ ಸರಿಯಾಗಿ ಗೊತ್ತಿಲ್ಲ” ಎಂದು ಅವ್ವನ ಹತ್ತಿರ ಹೇಳಿದಳು. ಅವತ್ತಿನಿಂದ ಶುರುವಾಯಿತು.

ಅವಳ ಉತ್ಸಾಹ ಕಂಡು ಹೆಡ್ ಮಾಸ್ಟರು ಒಂದು ಕೆಲಸ ಹಚ್ಚಿದರು. ದಸರಾ ರಜೆ ಮುಗಿದ ಮೇಲೆ ಕನಕಪುರದಲ್ಲಿ ಸುತ್ತಮುತ್ತಲ ವಿಜ್ಞಾನದ ಮೇಷ್ಟ್ರುಗಳೆಲ್ಲ ಸೇರುವುದಿತ್ತು. ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಬ್ಬರು ಮಾದರಿ ಪಾಠ ಮಾಡಬೇಕು, ಮಿಕ್ಕವರು ಹಿಂದೆ ಕೂತು ನೋಡಬೇಕು. “ಡೈನೋಸಾರ್ ಪಾಠ ನೀವೇ ಮಾಡಿ ಮೇಡಂ. ಚೆನ್ನಾಗಾದರೆ ಮುಂದಿನ ವರ್ಷಕ್ಕೂ ನಿಮ್ಮನ್ನೇ ಕೊಡಿ ಅಂತ ಬರೆಯೋಕೆ ನನಗೊಂದು ಆಧಾರ ಸಿಕ್ಕ ಹಾಗಾಗುತ್ತೆ” ಎಂದರು. ಅಕ್ಕನಿಗೆ ಆ ಸ್ಕೂಲು ಬೇಕಿತ್ತು. ಬೇರೆ ಯಾವ ಕೆಲಸದ ಮಾತೆತ್ತಿದರೂ ಅವಳ ಮುಖದಲ್ಲಿ ಒಂದು ಬಾಗಿಲು ಹಾಕಿಕೊಳ್ಳುತ್ತಿತ್ತು.

ತೊಡಕಾದದ್ದು ಹೆಸರುಗಳು. ಓದಿದ್ದೆಲ್ಲ ಕನ್ನಡದಲ್ಲಿ, ಈ ಹೆಸರುಗಳೋ ಒಂದೊಂದೂ ಟ್ರೈನಿನಷ್ಟು ಉದ್ದ. ಫೋನಿನಲ್ಲಿ ಯಾವುದೋ ದೇಶದ ಹೆಂಗಸು ಹೆಸರು ಹೇಳುತ್ತಿದ್ದಳು. ಅಕ್ಕ ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಇನ್ನೊಂದನ್ನು ಒಲೆಯ ಮೇಲಿನ ಹಾಲಿಗೆ ಬಿಟ್ಟು, ಹೆಸರನ್ನು ತುಂಡುಮಾಡಿ ಹೇಳಿಕೊಳ್ಳುತ್ತಿದ್ದಳು. ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಷಟ್ಪದಿಗೆ ಗಣ ಹಾಕಿಸಿದ ಹಾಗೆ ಕಟ್ಟೆಯ ಮೇಲೆ ಬೆರಳಲ್ಲಿ ತಾಳ ಬೇರೆ. ಅವಳಿಗೆ ಎಲ್ಲಕ್ಕಿಂತ ಕಾಟ ಕೊಟ್ಟದ್ದು ಪ್ಯಾಕಿಸೆಫಲೋಸಾರಸ್ ಎಂಬ ಪ್ರಾಣಿ. “ಪ್ಯಾಕಿ... ಸೆಫ...” ಎಂದು ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಒಂದು ಉಸಿರು ಎಳೆದುಕೊಂಡು, “ಲೋ... ಸಾರಸ್” ಎಂದು ಮುಗಿಸುತ್ತಿದ್ದಳು. ಸಮಾಧಾನವಾಗದೆ ಮತ್ತೆ ಮೊದಲಿಂದ.

“ಯಾರಿಗವ್ವ ಶಾಪ ಹಾಕ್ತಿದ್ದೀಯೆ, ದೀಪ ಹಚ್ಚೋ ಹೊತ್ನಲ್ಲಿ” ಎನ್ನುತ್ತಿದ್ದಳು ಅವ್ವ.

ಅಪ್ಪ ಜಗಲಿಯಿಂದಲೇ, “ಅದ್ಯಾವ್ದು, ಹೊಸಾ ಗೊಬ್ರವಾ? ನಮ್ ರಾಗಿಗೆ ಆಯ್ತದಾ ಕೇಳು” ಎನ್ನುತ್ತಿದ್ದ.

ಅಕ್ಕ ನಗುತ್ತಿದ್ದಳು. ಅವಳಿಗೆ ಹೆಸರು ಬರೀ ಹೆಸರಾಗಿರಲಿಲ್ಲ. ಪ್ರತಿಯೊಂದರ ಅರ್ಥ ಹುಡುಕಿ ಕನ್ನಡದಲ್ಲಿ ಅದಕ್ಕೊಂದು ಅಡ್ಡಹೆಸರು ಇಡುತ್ತಿದ್ದಳು. ಟ್ರೈಸೆರಾಟಾಪ್ಸು ಮುಕ್ಕೊಂಬಿನ ಮೋರೆ. ಪ್ಯಾಕಿಸೆಫಲೋಸಾರಸ್ಸು ದಪ್ಪತಲೆ, ಅದರ ನಡುನೆತ್ತಿಯ ಮೂಳೆ ಒಂದು ಗೇಣು ದಪ್ಪವಂತೆ. ಬಾರಾಪಾಸಾರಸ್ ಎನ್ನುವುದು ನಮ್ಮ ದೇಶದಲ್ಲೇ ಸಿಕ್ಕಿದ್ದು, ದೊಡ್ಡಕಾಲು ಎಂದು ಅರ್ಥ, ಗೋದಾವರಿ ಸೀಮೆಯಲ್ಲಿ ಮಲಗಿತ್ತು ಎಂದು ಅವಳು ಹೇಳುವಾಗ, ದೂರದ ನೆಂಟರ ಸುದ್ದಿ ಹೇಳಿದ ಹಾಗಿರುತ್ತಿತ್ತು. ನಾನು, “ನಮ್ ಸಾವನದುರ್ಗದಲ್ಲಿ ಅಗೆದ್ರೆ ಒಂದು ಮೂಳೆನಾದ್ರೂ ಸಿಕ್ಕಲ್ವಾ?” ಎಂದು ಕೇಳಿದ್ದೆ. “ಸಿಕ್ಕಲ್ಲ. ಆ ಬಂಡೆ ಆದಾಗ ಮೂಳೆ ಅನ್ನೋದೇ ಹುಟ್ಟಿರ್ಲಿಲ್ಲ ಕಣೋ” ಎಂದಳು. ದಿನವೂ ನೋಡುವ ಬೆಟ್ಟದ ಬಗ್ಗೆ ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಯಾರ ದನಿಯನ್ನೂ ಮಾಡದೆ ಕೂತಿದ್ದೆ. ಅದು ನನ್ನ ಮಟ್ಟಿಗೆ ಅಪರೂಪ.

ಚನ್ನಪಟ್ಟಣಕ್ಕೆ ಮದುವೆಗೆ ಹೋದಾಗ ಅರಗು ಬಳಿದ ಮರದ ಡೈನೋಸಾರ್ ಒಂದನ್ನು ತಂದಿದ್ದಳು, ಹಸಿರು ಮೈ, ಹಳದಿ ಹೊಟ್ಟೆ. ತಂದವಳೇ ಅದಕ್ಕೊಂದು ತಪ್ಪು ಹುಡುಕಿದಳು. “ಬಾಲ ನೆಲಕ್ಕೆ ಊರ್ಬುಟ್ಟವ್ರೆ. ಇದು ಬಾಲನ ಗಾಳೀಲಿ ಎತ್ಕಂಡ್ ಓಡಾಡ್ತಿತ್ತು, ತಕ್ಕಡಿ ಥರ. ಮುಂದ್ಗಡೆ ತಲೆ, ಹಿಂದ್ಗಡೆ ಬಾಲ.” ಅಪ್ಪ ಬೊಂಬೆಯನ್ನು ತಿರುಗಿಸಿ ನೋಡಿ, “ಬಾಲ ಎತ್ಬುಟ್ರೆ ಬೊಂಬೆ ಮಕಾಡೆ ಬೀಳ್ತದಲ್ಲವ್ವ. ಮಾಡೋನು ಏನ್ ಮಾಡ್ತಾನೆ, ಅವ್ನೂ ವ್ಯಾಪಾರ ನೋಡ್ಬೇಕಲ್ಲ” ಎಂದ.

ಈಗ ನನ್ನ ಭಾಗ. ಒಂದು ಸಂಜೆ ಅಕ್ಕ ನನ್ನನ್ನು ಕರೆದು, “ನೀನ್ ಕೇಳಿದ್ದ ಕೇಳಿದಂಗೇ ಹೇಳ್ತೀಯಲ್ಲ, ಒಸಿ ಹೇಳ್ಕೊಡ್ಲಾ” ಎಂದಳು. ಫೋನಿನ ಹೆಂಗಸಿನ ದನಿಯನ್ನು ನಾನು ಒಂದೇ ಏಟಿಗೆ ಹಿಡಿದೆ. ಹೆಸರು ನನ್ನ ಬಾಯಲ್ಲಿ ಬೆಣ್ಣೆ ಹಾಗೆ ಜಾರಿತು. ಆ ಪ್ರಾಣಿ ಹುಲ್ಲು ತಿನ್ನುತ್ತಿತ್ತೋ ಮಾಂಸ ತಿನ್ನುತ್ತಿತ್ತೋ ನನಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ದಿನವೂ ಸಂಜೆ ಅವಳು ನನ್ನೆದುರು ಕೂತು, ನಾಚಿಕೆ ಬಿಟ್ಟು, ಮತ್ತೆ ಮತ್ತೆ ತಪ್ಪಿ, ಮತ್ತೆ ಮತ್ತೆ ಹೇಳಿದಳು. ಹೊರಗಿನವರ ಮುಂದೆ ಹೇಳಲು ಹಿಂಜರಿಯುತ್ತಿದ್ದ ಹೆಸರುಗಳನ್ನು ನನ್ನ ಮುಂದೆ ಹೇಳಿದಳು. ನಾನು ಮೇಷ್ಟ್ರ ಥರ ತಲೆಯಾಡಿಸುತ್ತಾ ಅವಳ ಉಸಿರು ಎಲ್ಲಿ ಕಡಿಯುತ್ತದೆ, ಹುಬ್ಬು ಯಾವಾಗ ಏರುತ್ತದೆ, ಬೆರಳು ತಾಳ ತಪ್ಪಿದಾಗ ಹೇಗೆ ಗಾಳಿಯಲ್ಲೇ ನಿಲ್ಲುತ್ತದೆ, ಎಲ್ಲವನ್ನೂ ಒಳಗೆ ಇಳಿಸಿಕೊಂಡೆ. ಅವಳು ಪಾಠ ಕಲಿಯುತ್ತಿದ್ದಳು. ನಾನು ಐಟಂ ಕಲಿಯುತ್ತಿದ್ದೆ.

ಗಣೇಶನ ಪೆಂಡಾಲಿನಲ್ಲಿ ಅವತ್ತು ಆರ್ಕೆಸ್ಟ್ರಾದವರು ಬರುವುದು ತಡವಾಯಿತು. ಜನ ಕೂಗಾಡತೊಡಗಿದಾಗ ನನ್ನನ್ನು ಮೇಲೆ ತಳ್ಳಿದರು. ಕಂಡಕ್ಟರು ಆಯಿತು, ಸೂಪರ್‌ವೈಸರು ಆಯಿತು, ಆರ್ಕೆಸ್ಟ್ರಾದ ಗಾಡಿ ಇನ್ನೂ ಕಾಣಲಿಲ್ಲ. ಆಗ ನಾನು ದುಪಟ್ಟಾ ಸರಿಮಾಡಿಕೊಂಡಂತೆ ಹೆಗಲು ಮುಟ್ಟಿಕೊಂಡು, “ಮಕ್ಕಳೇ, ಇವತ್ತಿನ ಪ್ರಾಣಿ” ಎಂದೆ. ಅಷ್ಟಕ್ಕೇ ಮುಂದಿನ ಸಾಲಿನ ಮಕ್ಕಳಿಗೆ ಗೊತ್ತಾಗಿಹೋಯಿತು. ಅರ್ಧಕ್ಕರ್ಧ ಅವಳ ಸ್ಕೂಲಿನವೇ. “ಪ್ಯಾಕಿ... ಸೆಫ...” ಎಂದು ನಿಂತೆ. ಮೈಕಿನ ಹತ್ತಿರ ಬಾಯಿಟ್ಟು, ಪೆಂಡಾಲಿನ ಬಟ್ಟೆಯೆಲ್ಲ ಒಳಗೆ ಹೋಗುವ ಹಾಗೆ ಉಸಿರೆಳೆದೆ. ಜನ ಬಿದ್ದು ಬಿದ್ದು ನಕ್ಕರು. ಮತ್ತೆ ಮೊದಲಿಂದ ಶುರುಮಾಡಿದೆ. ದಿಬ್ಬ ಹತ್ತಲಾರದೆ ಹಿಂದೆ ಸರಿದು ಮತ್ತೆ ಹತ್ತುವ ಬಸ್ಸಿನ ಹಾಗೆ, ಪ್ರತಿ ಸಲವೂ ಒಂದಕ್ಷರ ಮುಂದೆ ಹೋಗಿ ಹಿಂದಕ್ಕೆ ಜಾರಿ, ಕೊನೆಗೆ ಹೆಸರು ಮುಗಿಸಿ ಬೆವರು ಒರೆಸಿಕೊಂಡು, “ಸರಿ ಮಕ್ಕಳೇ, ಪೀರಿಯಡ್ ಮುಗೀತು” ಎಂದೆ. ಅಷ್ಟು ದೊಡ್ಡ ಚಪ್ಪಾಳೆ ನನಗೆ ಹಿಂದೆಂದೂ ಬಿದ್ದಿರಲಿಲ್ಲ.

ಹೆಂಗಸರ ಕಡೆ ಅಕ್ಕ ಕೂತಿದ್ದಳು. ನಗುತ್ತಿದ್ದಳು. ಮುಖದ ಮಿಕ್ಕ ಭಾಗವೆಲ್ಲ ಎದ್ದು ಹೋದ ಮೇಲೂ ತುಟಿಯ ಮೇಲೆ ಒಬ್ಬಂಟಿಯಾಗಿ ಉಳಿದ ನಗು ಅದು. ಮನೆಗೆ ಬಂದ ಮೇಲೆ ನನಗೆ ಮುದ್ದೆ ಬಡಿಸಿದಳು. ಏನೂ ಹೇಳಲಿಲ್ಲ. ಏನೂ ಹೇಳದ್ದನ್ನು ನಾನು ಬೇಜಾರಿಲ್ಲ ಎಂದು ತಿಳಿದುಕೊಂಡೆ. ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು.

ಆಗಿದ್ದು ಏನೆಂದು ನನಗೆ ಹೇಳಿದವನು ಅವಳ ತರಗತಿಯ ಒಬ್ಬ ಹುಡುಗ, ಬಸ್ ಸ್ಟಾಪಿನಲ್ಲಿ. ಅವನ ಮುಖದಲ್ಲಿ ನನ್ನ ಶಿಷ್ಯನಾದ ಹೆಮ್ಮೆ.

“ಅಣ್ಣ, ನಾವೂ ಮಾಡ್ತೀವಿ ಈಗ.”

“ಏನ್ಲಾ ಮಾಡ್ತೀರಾ?”

“ನಿಮ್ ಐಟಂ. ಮಿಸ್ಸು ಆ ಹೆಸ್ರು ಶುರು ಮಾಡುದ್ರಲ್ಲ, ಸೆಫ ಅಂತ ನಿಂತ್ರು ನೋಡಿ, ಅಷ್ಟರಲ್ಲಿ ಇಡೀ ಕ್ಲಾಸು ಹಿಂಗೆ.” ಅವನು ಉಸಿರೆಳೆದು ತೋರಿಸಿದ. ಅದು ಅಕ್ಕನ ಉಸಿರಲ್ಲ. ಮೈಕಿನ ಮುಂದೆ ನಾನು ಎಳೆದಿದ್ದ ಉಸಿರು, ಅಳತೆ ತಪ್ಪದೆ.

“ಮಿಸ್ಸು ಏನಂದ್ರು?”

“ಬೋರ್ಡ್ ಕಡೀಕೆ ತಿರುಕ್ಕಂಡ್ ಬುಟ್ರು. ಇವಾಗ ಹೆಸ್ರೇ ಹೇಳಲ್ಲ. ‘ಈ ದೊಡ್ಡ ಪ್ರಾಣಿ’ ಅಂತಾರೆ, ‘ಆ ಇನ್ನೊಂದು ಪ್ರಾಣಿ’ ಅಂತಾರೆ. ಮಜಾನೇ ಇಲ್ಲ.”

ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ನನ್ನ ಕೆಲಸವನ್ನು ಅವನು ಚೆನ್ನಾಗಿ ಕಲಿತಿದ್ದ, ಅಷ್ಟೆ. ಬಸ್ಸು ಬಂತು, ಅವನು ಹತ್ತಿಕೊಂಡು ಹೋದ. ನಾನು ಹಾರೋಹಳ್ಳಿಯ ಬಸ್ಸು ಬಂದರೂ ಹತ್ತದೆ ನಿಂತಿದ್ದೆ.

ಅದೇ ವಾರ ಅಕ್ಕ ಹೆಡ್ ಮಾಸ್ಟರಿಗೆ ಮಾದರಿ ಪಾಠ ತನ್ನಿಂದ ಆಗುವುದಿಲ್ಲ ಎಂದು ಹೇಳಿಬಂದಳೆಂದು ಅವ್ವನಿಂದ ತಿಳಿಯಿತು. ಕಾರಣ ಕೇಳಿದ್ದಕ್ಕೆ ಗಂಟಲು ಸರಿಯಿಲ್ಲ ಎಂದಳಂತೆ. ಫೋನಿನ ಹೆಂಗಸು ನಮ್ಮ ಮನೆಯಲ್ಲಿ ಮಾತಾಡುವುದನ್ನು ನಿಲ್ಲಿಸಿದಳು. ಮರದ ಡೈನೋಸಾರು ಟಿವಿಯ ಮೇಲಿಂದ ಎಲ್ಲಿಗೋ ಹೋಯಿತು. ಅಪ್ಪ ಒಂದು ಸಂಜೆ, “ಯಾಕವ್ವ, ಗೊಬ್ರದ ಹೆಸ್ರು ಹೇಳ್ತಾನೇ ಇಲ್ವಲ್ಲ” ಎಂದು ಕೇಳಿ, ಅವ್ವ ಕಣ್ಣು ಬಿಟ್ಟಿದ್ದು ಕಂಡು ಹಸುವಿನ ಕಡೆ ಎದ್ದು ಹೋದ.

ನಾನು ಕ್ಷಮೆ ಕೇಳಲು ಹೋದೆ. ಹೇಗೆ ಕೇಳಿದೆ ಎನ್ನುವುದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಾನು ಎದುರಿಗೆ ಹೋಗಿ, ಓಟು ಕೇಳಲು ಬರುವವರ ದನಿಯಲ್ಲಿ, “ತಾಯಂದಿರೇ, ನನ್ನಿಂದ ತಪ್ಪಾಗಿದೆ, ದಯವಿಟ್ಟು ಮನ್ನಿಸಬೇಕು” ಎಂದೆ. ಅವಳು ನಗಲಿಲ್ಲ. ಕಂಡಕ್ಟರ ದನಿಯಲ್ಲಿ ಕೇಳಿದೆ. ಅಪ್ಪ ಹಸುವನ್ನು ಮಾತಾಡಿಸುವ ದನಿಯಲ್ಲಿ ಕೇಳಿದೆ. ನನ್ನದೇ ದನಿಯಲ್ಲಿ ಕೇಳೋಣವೆಂದು ಬಾಯಿ ತೆರೆದರೆ ಅಲ್ಲಿ ಯಾರೂ ಇರಲಿಲ್ಲ.

ಅಕ್ಕ ಬಕೆಟ್ಟು ಎತ್ತಿಕೊಂಡು, “ನಿನ್ ಬಾಯೊಳಗೆ ಯಾರ್ಯಾರೋ ಅವ್ರೆ. ನೀನು ಇರೋವಾಗ ಬಾ, ಮಾತಾಡನ” ಎಂದು ಒಳಗೆ ಹೋದಳು.

ಗಣೇಶನ ಹಿಂದೆಯೇ ಪಿತೃಪಕ್ಷ ಬರುತ್ತದೆ. ನಮ್ಮ ಕಡೆ ಆಗ ಒಂದು ದಿನ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಬದುಕಿದ್ದಾಗ ಏನು ಇಷ್ಟವೋ ಅದೆಲ್ಲ ಎಲೆಗೆ ಬೀಳುತ್ತದೆ: ಕೋಳಿ ಸಾರು, ಮಟನ್ನು, ಕಜ್ಜಾಯ, ಒಬ್ಬಿಬ್ಬರಿಗೆ ಬೀಡಿ ಕೂಡ. ಮಾಗಡಿ ಕಡೆಯಿಂದ ದೊಡ್ಡಪ್ಪ, ಚಿಕ್ಕಪ್ಪ ಸಂಸಾರ ಸಮೇತ ಬಂದಿದ್ದರು. ಎಡೆ ಮುಗಿದು ಗಂಡಸರು, ಮಕ್ಕಳು ಸಾಲಾಗಿ ಊಟಕ್ಕೆ ಕೂತೆವು. ಅಕ್ಕ ಸೌಟು ಹಿಡಿದು ಸಾರು ಬಡಿಸುತ್ತಿದ್ದಳು.

ದೊಡ್ಡಪ್ಪ ನನ್ನ ಕಡೆ ತಿರುಗಿ, “ಏನ್ಲಾ, ಗಣೇಶನಲ್ಲಿ ಅದೇನೋ ಸಾರಸ್ಸು ಗೀರಸ್ಸು ಅಂತ ಭಾರಿ ಆಯ್ತಂತಲ್ಲ. ಮಾಗಡಿಗಂಟ ಸುದ್ದಿ ಬಂದದೆ. ನಮ್ಗೂ ಒಸಿ ತೋರ್ಸು” ಎಂದರು.

“ಮರ್ತೋಗದೆ ದೊಡ್ಡಪ್ಪ” ಎಂದೆ.

“ಓಹೋ, ರೇಟು ಏರುಸ್ಕಂಡವ್ನೆ ಇವ್ನು” ಎಂದ ಚಿಕ್ಕಪ್ಪ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ.

ಅಕ್ಕ ನನ್ನ ಎಲೆಗೆ ಸಾರು ಹಾಕುತ್ತಾ, ಯಾವ ಏರಿಳಿತವೂ ಇಲ್ಲದೆ, “ಮಾಡು. ನೆಂಟ್ರು ಕೇಳ್ತಾವ್ರೆ” ಎಂದಳು.

ಮಾಡಬಾರದಿತ್ತು. ನಾನು ಮಾಡಿದೆ. ಅವಳೇ ಹೇಳಿದಳಲ್ಲ ಎಂದು ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. “ಪ್ಯಾಕಿ... ಸೆಫ...” ಎಂದು, ಉಸಿರೆಳೆಯುವ ಕಡೆ ಬಂದಾಗ ಚಿಕ್ಕಪ್ಪನ ಮಗಳು, ಮುಂದಿನ ಹಾಲುಹಲ್ಲು ಬಿದ್ದ ಪುಟ್ಟ ಹುಡುಗಿ, ಎಲೆಯಿಂದ ತಲೆಯೆತ್ತಿ ಕೇಳಿದಳು. “ಅಣ್ಣ, ಅದು ಏನ್ ತಿಂತಿತ್ತು?”

“ಮುದ್ದೆ” ಎಂದೆ. ನಕ್ಕರು.

“ಅಲ್ಲ, ನಿಜ್ವಾಗ್ಲೂ.”

“ಸೊಪ್ಪು ಸಾರು.”

“ನಿಂಗೆ ಗೊತ್ತಿಲ್ವಾ?” ಎಂದಳು ಅವಳು. ಅಣಕವಿಲ್ಲ, ಬರೀ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಅಕ್ಕನ ಎದುರಿಗೆ ಕೂತು ಹೆಸರಿನ ಒಂದೊಂದು ಅಕ್ಷರವನ್ನೂ ಹೊತ್ತುಕೊಂಡು ಬಂದಿದ್ದೆ. ಪ್ರಾಣಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ಸಾಲಿನಲ್ಲಿದ್ದವರೆಲ್ಲ ನಾನು ಏನು ಹೇಳುತ್ತೇನೆಂದು ನೋಡುತ್ತಿದ್ದರು. ನನಗೆ ಒಂದು ದನಿಯೂ ಸಿಗಲಿಲ್ಲ.

ಅಕ್ಕ ಸೌಟನ್ನು ಪಾತ್ರೆಗೆ ಹಾಕಿ ಆ ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತಳು. “ಎಲೆ, ಕಾಯಿ, ಬೀಜ ತಿಂತಿತ್ತು ಕಣಮ್ಮಿ. ಅದರ ಹಲ್ಲು ಚಿಕ್ಕಚಿಕ್ಕವು, ಅದ್ರಿಂದ ಹಂಗಂತಾರೆ. ನೋಡ್ದೋರು ಯಾರೂ ಇಲ್ವಲ್ಲ.” ಹುಡುಗಿಯ ಎಲೆಯ ಮೇಲೆ ಪಾದದ ಸಮೇತ ಬೆಂದು ಬಿದ್ದಿದ್ದ ಕೋಳಿಕಾಲನ್ನು ಎತ್ತಿ ಹಿಡಿದಳು. “ಇದ ನೋಡು. ಮುಂದಕ್ಕೆ ಮೂರು ಬೆರಳು. ಟೈರನೊಸಾರಸ್ ಅಂತ ಒಂದಿತ್ತು, ನಮ್ ಮನೆ ಸೂರಿಗಿಂತ ಎತ್ರ. ಅದರದ್ದೂ ಇದೇ ಕಾಲು, ಹಿಂಗೇ. ಆ ಕುಲದಲ್ಲಿ ದೊಡ್ಡವೆಲ್ಲ ಹೋದೊ. ರೆಕ್ಕೆ ಬಂದ ಚಿಕ್ಕವು ಒಂದಷ್ಟು ಉಳ್ಕಂಡೊ. ಹಕ್ಕಿ, ಕೋಳಿ ಎಲ್ಲಾ ಅದೇ ಕುಲ.”

“ಅಂದ್ರೆ ನಾವು ಇವಾಗ ತಿಂತಿರಾದು?” ಎಂದ ಚಿಕ್ಕಪ್ಪ.

“ಹೂಂ ಚಿಕ್ಕಪ್ಪ. ಅದೇಯ.”

ಒಬ್ಬೊಬ್ಬರೂ ತಮ್ಮ ಕೈಯಲ್ಲಿದ್ದ ಮೂಳೆಯನ್ನು ತಿರುಗಿಸಿ ನೋಡಿಕೊಂಡರು. ದೊಡ್ಡಪ್ಪ ತೊಡೆಮೂಳೆಯನ್ನು ಬೆಳಕಿಗೆ ಹಿಡಿದು, “ಅದ್ಕೇ ಇರ್ಬೇಕು, ನಮ್ಮನೆ ಹುಂಜ ನನ್ ಕಂಡ್ರೆ ಅಟ್ಟುಸ್ಕಂಡ್ ಬತ್ತದೆ. ಹಳೇ ದೌಲತ್ತು” ಎಂದರು. ಅಕ್ಕ ನಕ್ಕಳು. ಈ ಸಲ ನಗು ಕಣ್ಣಿನವರೆಗೂ ಹೋಯಿತು. ಆಮೇಲೆ ಆ ಹುಡುಗಿ, ಅಣ್ಣ ಹೇಳಿದ ಆ ಉದ್ದನೆ ಹೆಸರು ಇನ್ನೊಂದು ಸಲ ಹೇಳು ಎಂದಾಗ ಅವಳು ತನ್ನದೇ ರೀತಿಯಲ್ಲಿ, ಮೊಣಕಾಲ ಮೇಲೆ ಬೆರಳು ತಟ್ಟುತ್ತಾ, ನಡುವೆ ಉಸಿರು ತೆಗೆದುಕೊಂಡು ಹೇಳಿದಳು. ಯಾರೂ ನಗಲಿಲ್ಲ. ಹುಡುಗಿಯೂ ಅಲ್ಲೇ ಉಸಿರು ತೆಗೆದುಕೊಂಡು ಹೇಳಿದಳು.

ಊಟ ಮುಗಿಯಿತು. ನಮ್ಮ ಮನೆಗಳಲ್ಲಿ ಗಂಡಸರು ಎಲೆ ಎತ್ತುವುದಿಲ್ಲ. ಇನ್ನೊಬ್ಬರ ಎಂಜಲೆಲೆಯನ್ನಂತೂ ಮುಟ್ಟುವುದೇ ಇಲ್ಲ. ಉಂಡವರು ಕೈ ತೊಳೆಯಲು ಎದ್ದು ಹೋಗುತ್ತೇವೆ, ಹೆಂಗಸರು ಬಂದು ಎಲೆ ಮಡಚುತ್ತಾರೆ. ನಾನು ಎದ್ದೆ. ಒಳಗಿಂದ ಒಂದು ಪಾತ್ರೆ ತಂದೆ. ಮೊದಲು ದೊಡ್ಡಪ್ಪನ ಎಲೆಯ ಮುಂದೆ ಬಗ್ಗಿ, ಅವರು ಚೀಪಿ ಇಟ್ಟಿದ್ದ ಕಾಲಿನ ಮೂಳೆ ಹೆಕ್ಕಿಕೊಂಡೆ. ಆಮೇಲೆ ಚಿಕ್ಕಪ್ಪನ ಎಲೆ. ಆಮೇಲೆ ಮಕ್ಕಳ ಎಲೆಗಳು.

“ಇದ್ಯಾಕ್ಲಾ, ನಾಯಿ ಸಾಕಿದ್ದೀಯ?” ಎಂದ ಚಿಕ್ಕಪ್ಪ.

“ಎಂಜ್ಲು ಕಣ್ಲಾ ಅದು, ಬುಡು” ಎಂದರು ದೊಡ್ಡಪ್ಪ. “ಹಿರೀಕರ ಹಬ್ಬದ ದಿನ ಗಂಡುಡ್ಗ ಎಲೆ ಬಳಿಯಾದಾ?”

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಯಾರದ್ದಾದರೂ ದನಿಯಲ್ಲಿ ಕೊಡುತ್ತಿದ್ದೆ. ಒಂದೊಂದೇ ಎಲೆ ಮುಗಿಸಿ, ಮೂಳೆ ತುಂಬಿದ ಪಾತ್ರೆ ಹಿಡಿದು ಹಿತ್ತಲಿಗೆ ಹೋದೆ. ಒಲೆ ಹೊತ್ತಿಸಿ ನೀರಿಟ್ಟೆ. ಅಕ್ಕ ಬಂದು ಹಿಂದೆ ನಿಂತದ್ದು ಗೊತ್ತಾಯಿತು. ನಾನು ತಿರುಗಲಿಲ್ಲ.

“ಪಾಠಕ್ಕೆ” ಎಂದೆ. ಅದು ಯಾರ ದನಿ ಎಂದು ನನಗೆ ಹೊಳೆಯಲಿಲ್ಲ. ಬಹುಶಃ ನನ್ನದೇ. “ಕಾಲು ಜೋಡ್ಸಿ ಕೊಡ್ತೀನಿ. ನೀ ಪಾಠ ಮಾಡು. ತಪ್ಪಾಯ್ತು.”

ಅವಳು ಪಕ್ಕಕ್ಕೆ ಬಂದು ಪಾತ್ರೆಯೊಳಗೆ ಇಣುಕಿದಳು. ಆಮೇಲೆ, “ಒಸಿ ಸೋಡಾ ಹಾಕು, ಜಿಡ್ಡು ಬುಡ್ತದೆ. ಜಾಸ್ತಿ ಬೇಯಿಸ್ಬೇಡ, ಮೂಳೆ ಪುಡಿಯಾಯ್ತದೆ” ಎಂದಳು.

ಮೂಳೆಗಳನ್ನು ತಾರಸಿಯ ಮೇಲೆ ಒಣಗಿಸಿ, ಕಾಗೆ ಕಾದು, ತಂತಿ ಮತ್ತು ಅಂಟಿನಿಂದ ಎರಡು ಕಾಲು ಕಟ್ಟಿ ಒಂದು ಹಲಗೆಯ ಮೇಲೆ ನಿಲ್ಲಿಸಿದೆ. ಹೆಡ್ ಮಾಸ್ಟರು ಅವಳ ಜಾಗಕ್ಕೆ ಬೇರೆ ಯಾರನ್ನೂ ಹಾಕಿರಲಿಲ್ಲ; ಬೇರೆ ಯಾರೂ ಒಪ್ಪಿರಲಿಲ್ಲ. ಅಕ್ಕ ಹೋಗಿ, ಮಾಡುತ್ತೇನೆ ಎಂದು ಹೇಳಿಬಂದಳು. ಕನಕಪುರಕ್ಕೆ ಹೋಗುವ ಬೆಳಿಗ್ಗೆ ಹಲಗೆಯನ್ನು ಗೆಳೆಯನಿಂದ ಕೇಳಿ ತಂದ ಬೈಕಿಗೆ ಕಟ್ಟುವಾಗ ಅಕ್ಕ ಬಗ್ಗಿ ನೋಡಿದಳು.

“ಎರಡೂ ಎಡಗಾಲು ಕಣೋ.”

ಹೌದು. ಒಂದು ದೊಡ್ಡಪ್ಪನ ಎಲೆಯದು, ಇನ್ನೊಂದು ಚಿಕ್ಕಪ್ಪನದು. ಇಬ್ಬರಿಗೂ ಎಡಗಾಲೇ ಬಿದ್ದಿತ್ತು. “ಯಾರ್ ನೋಡ್ತಾರೆ” ಎಂದೆ. “ನಾನ್ ನೋಡಿದ್ನಲ್ಲ” ಎಂದು ಹಿಂದೆ ಹತ್ತಿ ಕೂತಳು.

ಸಭೆ ಒಂದು ಸ್ಕೂಲಿನ ದೊಡ್ಡ ಕೊಠಡಿಯಲ್ಲಿ. ಮುಂದೆ ಮಕ್ಕಳು, ಹಿಂದೆ ಮೇಷ್ಟ್ರುಗಳು, ಎಲ್ಲರಿಗಿಂತ ಹಿಂದೆ ಬಾಗಿಲ ಪಕ್ಕದ ಬೆಂಚಿನಲ್ಲಿ ಹಲಗೆ ಹೊತ್ತು ತಂದ ನಾನು. ಅಕ್ಕ ಮೊದಲು ಹೇಳಿದ್ದೇ ಎಡಗಾಲಿನ ವಿಷಯ. “ಇವು ಎರಡು ಬೇರೆ ಕೋಳಿಗಳ ಕಾಲು, ಎರಡೂ ಎಡಗಾಲು. ನನ್ನ ತಮ್ಮ ತಿಳಿಯದೆ ಜೋಡಿಸಿದ. ನೆಲ ಅಗೆದು ಮೂಳೆ ತೆಗೆಯುವವರಿಗೂ ಹೀಗೇ ಬೆರೆತು ಸಿಗುತ್ತವೆ. ಒಂದರ ಮೈಗೆ ಇನ್ನೊಂದರ ತಲೆ ಇಟ್ಟು ದೊಡ್ಡ ದೊಡ್ಡ ವಿದ್ವಾಂಸರೂ ವರ್ಷಗಟ್ಟಲೆ ನಂಬಿದ್ದಾರೆ. ಆಮೇಲೆ ಯಾರೋ ಹತ್ತಿರ ಬಂದು ಸರಿಯಾಗಿ ನೋಡುತ್ತಾರೆ. ನೀವೂ ಹತ್ತಿರ ಬನ್ನಿ” ಎಂದಳು. ಮಕ್ಕಳು ಮುತ್ತಿಕೊಂಡರು. ಹಾರುವ ಟೆರನೊಡಾನ್ ಡೈನೋಸಾರೇ ಅಲ್ಲ ಎಂದಾಗ ಒಬ್ಬ ಮೇಷ್ಟ್ರು ಪಕ್ಕದವರ ಕಡೆ ತಿರುಗಿ ಹುಬ್ಬೇರಿಸಿದ್ದು ನನಗೆ ಕಂಡಿತು. ಮನುಷ್ಯ ಅವನ್ನು ಕಂಡೇ ಇಲ್ಲ, ಮೂಳೆ ಮಾತ್ರ ಕಂಡಿದ್ದಾನೆ ಎಂದಳು. ನಮ್ಮ ಹೆಡ್ ಮಾಸ್ಟರು ಕೈಕಟ್ಟಿ ಹಿಂದಕ್ಕೆ ಒರಗಿ ಕೂತಿದ್ದರು, ಸ್ವಂತ ಮಗಳ ಪಾಠ ಕೇಳುವವರ ಹಾಗೆ.

ಆಮೇಲೆ ದಪ್ಪತಲೆಯ ಚಿತ್ರ ಹಿಡಿದಳು. ಮೇಜಿನ ಮೇಲೆ ಬೆರಳು ತಟ್ಟಿದಳು. “ಪ್ಯಾಕಿಸೆಫ...” ಉಸಿರು. “ಲೋಸಾರಸ್.”

ಮೇಷ್ಟ್ರುಗಳ ಸಾಲಿನ ಮುಂದಿನ ಕುರ್ಚಿ ಹಿಡಿದಿದ್ದ, ಪಟ್ಟಣದ ಇಂಗ್ಲಿಷ್ ಮೀಡಿಯಂ ಸ್ಕೂಲಿನ ಮೇಷ್ಟ್ರೊಬ್ಬರು ಪೆನ್ನು ಎತ್ತಿದರು. “ಒಂದು ನಿಮಿಷ ಮೇಡಂ. ಪಾಠ ಚೆನ್ನಾಗಿದೆ. ಆದರೆ ಆ ಹೆಸರನ್ನ ಹಾಗೆ ಹೇಳಲ್ಲ. ಮಕ್ಕಳು ತಪ್ಪು ಕಲಿತುಬಿಟ್ಟರೆ ಕಷ್ಟ. ಸರಿಯಾದ ಉಚ್ಚಾರಣೆ ಒಂದು ಸಲ ಹೇಳಿಬಿಡಿ.” ಅಲ್ಲಲ್ಲಿ ಸಣ್ಣಗೆ ನಗು. ಅಕ್ಕನ ಬೆರಳು ಗಾಳಿಯಲ್ಲಿ ನಿಂತಿತು. ಹೆಡ್ ಮಾಸ್ಟರು ನೆಟ್ಟಗೆ ಕೂತರು.

ನಾನು ಎದ್ದು ನಿಂತೆ. ಅವಳನ್ನು ಉಳಿಸಬೇಕು ಎಂದುಕೊಂಡೆ. ದೇವರಾಣೆಗೂ ಅಷ್ಟೇ ಅಂದುಕೊಂಡದ್ದು. ಫೋನಿನ ಹೆಂಗಸಿನ ದನಿಯಲ್ಲಿ, ಒಂದೇ ಉಸಿರಿನಲ್ಲಿ, ಬೆಣ್ಣೆ ಜಾರಿದ ಹಾಗೆ ಆ ಹೆಸರನ್ನು ಹೇಳಿದೆ. ಇಡೀ ಕೊಠಡಿ ಹಿಂದಕ್ಕೆ ತಿರುಗಿತು. ನಗು, ಒಂದಷ್ಟು ಚಪ್ಪಾಳೆ. ಆ ಮೇಷ್ಟ್ರು, “ಕರೆಕ್ಟ್, ಹಾಗೆ ಹೇಳಬೇಕು” ಎಂದರು. ನನ್ನ ಮೈ ಅಭ್ಯಾಸದಂತೆ ಚಪ್ಪಾಳೆಗೆ ಬಗ್ಗಿತು. ಬಗ್ಗಿ ಎದ್ದಾಗ ಅಕ್ಕನ ಮುಖ ಕಂಡಿತು. ಪೆಂಡಾಲಿನಲ್ಲಿ ಕಂಡಿದ್ದ ಅದೇ ನಗು, ತುಟಿಯ ಮೇಲೆ ಒಂಟಿಯಾಗಿ. ಅವಳು ಕಷ್ಟಪಟ್ಟು ಕಟ್ಟಿದ್ದ ಕೊಠಡಿಯನ್ನು ನಾನು ಮತ್ತೆ ಒಂದೇ ಉಸಿರಿಗೆ ನನ್ನ ಕಡೆ ತಿರುಗಿಸಿಕೊಂಡಿದ್ದೆ. ನಾನು ಇನ್ನೂ ನಿಂತೇ ಇದ್ದೆ.

ಅಕ್ಕ ಕೈಲಿದ್ದ ಚಿತ್ರವನ್ನು ಮೇಜಿನ ಮೇಲೆ ಇಟ್ಟಳು. ಆ ತುಟಿಯ ನಗುವೂ ಹೋಯಿತು. ಅದಾದ ಮೇಲೆ ಆ ದಿನ ಯಾರೂ ಉಚ್ಚಾರಣೆಯ ಮಾತೆತ್ತಲಿಲ್ಲ. ಪಾಠ ಕೊನೆಯವರೆಗೂ ನಡೆಯಿತು, ಮಕ್ಕಳು ಅವಳು ಹೇಳಿದ ಹಾಗೆಯೇ ನಡುವೆ ಉಸಿರು ತೆಗೆದುಕೊಂಡು ಹೆಸರು ಹೇಳಿದರು, ಹೆಡ್ ಮಾಸ್ಟರು ಬರೆಯಬೇಕಾದ್ದನ್ನು ಬರೆದರು. ಆದರೆ ಆ ಕ್ಷಣ ಅವಳು ಮೊದಲು ಮುಂದಿನ ಕುರ್ಚಿಯನ್ನು, ಆಮೇಲೆ ನೆಟ್ಟಗೆ ನನ್ನನ್ನು ನೋಡಿ, ಅಷ್ಟೂ ಜನ ಮೇಷ್ಟ್ರುಗಳ ಮುಂದೆ ಪುಸ್ತಕದ ಕನ್ನಡ ಬಿಟ್ಟು ನಮ್ಮ ಹಿತ್ತಲಿನ ಕನ್ನಡದಲ್ಲಿ ಹೇಳಿದಳು:

“ಕುಂತ್ಕೊ ಲೋ. ಅದು ಸತ್ತು ಆರೂವರೆ ಕೋಟಿ ವರ್ಷ ಆಗೈತೆ. ಅದೇ ಎದ್ದು ಬಂದು ‘ನನ್ ಹೆಸ್ರು ಹಂಗಲ್ಲ’ ಅನ್ನಗಂಟ ನಾನ್ ಅಂದಿದ್ದೇ ಸರಿ.”